ಪಾಲುದಾರ ಕಲ್ಲು

ತೊರ್ಲೆ ಅಳಿವೆಯ ಬಾಯಲ್ಲಿ, ಆನೆ ಮಂಡಿಯೂರಿದಂತೆ ಒಂದು ಕರಿಬಂಡೆ ಇದೆ. ಹೆಸರು ಪಾಲುದಾರ ಕಲ್ಲು. ಇದರ ಕಥೆಯನ್ನು ನನ್ನಷ್ಟು ಚೆನ್ನಾಗಿ ಹೇಳುವವರು ಈ ಕರಾವಳಿಯಲ್ಲೇ ಇಲ್ಲ. ಇದ್ದವರೆಲ್ಲ ಹೇಳಿ ಹೇಳಿ ದಣಿದು ಮಲಗಿದ್ದಾರೆ.

ಹಿಂದೆ ಒಮ್ಮೆ, ಬಿಳಿಯರ ಕಾಲದಲ್ಲಿ, ರಷ್ಯದ ಯುದ್ಧನೌಕೆ ಬರುತ್ತದೆಂದು ಗಾಳಿಸುದ್ದಿ ಹಬ್ಬಿತಂತೆ. ಸರ್ಕಾರದವರು ಮದ್ದು ತುಂಬಿದ ಪೀಪಾಯಿಗಳನ್ನು ಸರಪಳಿಗೆ ಕಟ್ಟಿ ಅಳಿವೆಯ ನೀರಿನಡಿ ನಿಲ್ಲಿಸಿದರು. ಹಡಗು ತಾಗಿದರೆ ಸಿಡಿಯಬೇಕು, ಅದು ಲೆಕ್ಕಾಚಾರ. ರಷ್ಯದವರು ಬರಲೇ ಇಲ್ಲ. ಬೇಸಿಗೆಯಿಡೀ ಕಾದು ಬೇಸತ್ತ ಸರ್ಕಾರ, ಎಲ್ಲವನ್ನೂ ಎತ್ತಿದೆವೆಂದು ಡಂಗುರ ಸಾರಿಸಿ ಹೊರಟುಹೋಯಿತು. ಒಂದು ಪೀಪಾಯಿ ಉಳಿದಿತ್ತು. ಅಷ್ಟು ದಿನ ದೋಣಿ ಇಳಿಸದೆ ಗೆಣಸು ತಿಂದು ಸೊರಗಿದ್ದ ಊರು ಮರುದಿನವೇ ಎಲ್ಲರೂ ಸೇರಿ ಎಳೆಯುವ ತನ್ನ ಒಂದೇ ಒಂದು ರಂಪಣಿ ಬಲೆ ಬೀಸಿತು. ದಡದಲ್ಲಿ ನಿಂತು ಎಳೆಯುವಾಗ ಬಂಗುಡೆ ಮೀನುಗಳ ನಡುವೆ ಸರಪಳಿ ಹರಿದುಕೊಂಡ ಪೀಪಾಯಿ ತಲೆಯೆತ್ತಿತು.

"ಎಳೀಬೇಡಿ!" ಎಂದು ಬಲೆಯ ಮುಖಂಡ ಜಟ್ಟು ಹರಿಕಂತ್ರ ಕೂಗಿದ. ಎಳೆದರೆ ಅದು ದಡದ ಕಲ್ಲುಗಳಿಗೆ ಬಡಿದು ಸಿಡಿದು ಎಲ್ಲರೂ ಚೂರು. ಬಿಟ್ಟರೆ ಬಲೆ ಕಡಲಪಾಲು, ಮತ್ತೆ ಗೆಣಸು. ಹಗ್ಗವನ್ನು ಎಲ್ಲಾದರೂ ಕಟ್ಟಿ ಓಡೋಣವೆಂದರೆ ಊರಿನ ಕಟ್ಟಳೆ ಅಡ್ಡ: ಬಲೆ ಮರಳು ಮುಟ್ಟುವವರೆಗೆ ಹಗ್ಗ ಹಿಡಿದವನಿಗಷ್ಟೇ ಮೀನಿನ ಪಾಲು. ಹಾಗಾಗಿ ಸಾವಿನೆದುರು ಹಗ್ಗ ಹಿಡಿದು ಊರಿಗೆ ಊರೇ ನಿಂತಿತು. ನನ್ನ ಮುತ್ತಜ್ಜ ಒಂದೇ ಕೈಯಲ್ಲಿ ಹಿಡಿದಿದ್ದ. ಇನ್ನೊಂದು ಕೈಯನ್ನು ಬಾಯಿಗಿಟ್ಟು ಆಕಳಿಸುತ್ತಿದ್ದ. "ನೀ ಮೊದಲು ಬಿಡೋ," ಎಂದು ಪ್ರತಿಯೊಬ್ಬನೂ ಪಕ್ಕದವನಿಗೆ. "ನನ್ನ ಪಾಲು ತಿನ್ನೋಕಾ? ನೀ ಬಿಡು!" ಮಧ್ಯಾಹ್ನದ ಹೊತ್ತಿಗೆ ಬೈಯುವ ತ್ರಾಣವೂ ಉಳಿಯಲಿಲ್ಲ.

ಗಂಜಿ ತಂದ ಜಟ್ಟುವಿನ ತಾಯಿ ಮಾಸ್ತಿಯಮ್ಮ ಸೊಂಟಕ್ಕೆ ಕೈಯಿಟ್ಟು ನೋಡಿದಳು. "ಅಲ್ಲ ಮಕ್ಕಳೇ, ಈ ಬಂಡೆಗೆ ಹಗ್ಗ ಸುತ್ತಿ. ನಿಮ್ಮೆಲ್ಲರ ಬದಲಿಗೆ ಅದು ಹಿಡಿದುಕೊಳ್ಳಲಿ. ಅದಕ್ಕೂ ಒಂದು ಪಾಲು ಕೊಟ್ಟರಾಯ್ತು. ಪಾಪ, ಹೊಟ್ಟೆಯಿಲ್ಲದ್ದು, ಜಗಳಕ್ಕೆ ಬರೂದಿಲ್ಲ."

ಸುತ್ತಿದರು. ದೂರ ಹೋಗಿ ಬಿದ್ದು ನಿದ್ದೆಹೋದರು. ಇಳಿತಕ್ಕೆ ನೀರು ಹಿಂದೆ ಸರಿದು ಪೀಪಾಯಿ ಮೆಲ್ಲಗೆ ಮರಳ ಮೇಲೆ ಕೂತಿತು. ಅದರ ಬಿರುಕಿನಿಂದ ಸೋರಿದ್ದು ಬರೀ ಕರಿರಾಡಿ. ಮದ್ದು ಎಂದೋ ನೆನೆದು ಸತ್ತಿತ್ತು. ನಗಲು ಯಾರಿಗೂ ಶಕ್ತಿಯಿರಲಿಲ್ಲ ಎನ್ನುತ್ತಾರೆ. ಮಾತು ಕೊಟ್ಟಂತೆ ಮೊದಲ ಪಾಲನ್ನು ಬಂಡೆಗಿಟ್ಟು, ಉಳಿದದ್ದನ್ನು ಹಂಚಿಕೊಂಡರು.

ಇಂದಿಗೂ ಬಂಡೆಯ ಸೊಂಟದಲ್ಲಿ ಹಗ್ಗ ಉಜ್ಜಿದ ಗೆರೆ ಕಾಣುತ್ತದೆ, ತಲೆಯ ಮೇಲೆ ಅದರ ಪಾಲಿನ ನಾಲ್ಕು ಬಂಗುಡೆ. ಬಂದವರು ಇದು ದೇವರೇ ಎಂದು ಕೇಳುತ್ತಾರೆ. ಅಲ್ಲ, ಅಂದು ಹಿಡಿದ ಹಗ್ಗ ಬಿಡದೆ ನಿಂತ ನಮ್ಮೂರಿನವನು ಅವನೊಬ್ಬನೇ.