ಓಟಗಾರ ಲಗಮಣ್ಣನ ಹಿಮ್ಮಡಿ

ಕಲ್ಲಮಡ್ಡಿಯ ಪೂಜ್ಯ ಅಡವಯ್ಯ ಅಜ್ಜನವರು ದರ್ಶನಕ್ಕೆ ಬಂದವರಿಗೆ ಗದ್ದುಗೆಯ ಮೇಲೆ ಸಿಗುತ್ತಿದ್ದುದೇ ಅಪರೂಪ. ಆ ಬೇಸಿಗೆಯಲ್ಲಿ ಅವರು ಮಠದ ಹಿಂದೆ ದಾಸೋಹದ ಕಟ್ಟಿಗೆ ಇಡಲು ಮಣ್ಣಿನ ಕೋಣೆಯೊಂದನ್ನು ಕಟ್ಟುತ್ತಿದ್ದರು. ಕಾವಿಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ತಾವೇ ಕೆಸರು ತುಳಿಯುತ್ತಿದ್ದರು.

ಲಗಮಣ್ಣ ಅವರನ್ನು ಮೊದಲು ಕಂಡದ್ದು ಹಾಗೆ. ಮ್ಯಾರಥಾನ್ ಓಟದಲ್ಲಿ ಹೆಸರು ಮಾಡಿದ್ದ ಆತನಿಗೆ ಎರಡು ವರ್ಷದಲ್ಲಿ ಮೂರು ಬಾರಿ ಬಲಗಾಲಿನ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಬಾತಿತ್ತು. ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ಮೆಲ್ಲಗೆ ಇಳಿಸುವ ವ್ಯಾಯಾಮವನ್ನು ಮೂರು ತಿಂಗಳು ಬಿಡದೆ ಮಾಡಬೇಕು, ಓಟವನ್ನು ವಾರವಾರಕ್ಕೆ ಸ್ವಲ್ಪಸ್ವಲ್ಪವೇ ಏರಿಸಬೇಕು ಎಂದು ವೈದ್ಯರು ಬರೆದುಕೊಟ್ಟಿದ್ದರು. ಆದರೆ ನೋವು ಇಳಿದ ಮರುದಿನವೇ ಆತ ಮೂವತ್ತು ಕಿಲೋಮೀಟರ್ ಓಡಿಬಿಡುತ್ತಿದ್ದ; ತಿಂಗಳೊಳಗೆ ಮತ್ತೆ ಕುಂಟುತ್ತ ಮನೆ ಸೇರುತ್ತಿದ್ದ. ಇನ್ನೊಮ್ಮೆ ಹೀಗಾದರೆ ಸ್ನಾಯುರಜ್ಜು ಹರಿದೇಹೋಗಬಹುದು, ಓಟ ಅಲ್ಲಿಗೆ ಮುಗಿಯಿತು ಎಂದು ವೈದ್ಯರು ಎಚ್ಚರಿಸಿದ್ದರು. ಮಠಮಾನ್ಯಗಳಲ್ಲಿ ಆತನಿಗೆ ನಂಬಿಕೆಯಿರಲಿಲ್ಲ. ಅಕ್ಕ ದುಂಡವ್ವನ ಒತ್ತಾಯಕ್ಕೆ ಬಂದಿದ್ದ. ವಿಭೂತಿ ಹಚ್ಚುವುದಾದರೆ ಹಚ್ಚಲಿ ಎಂಬ ಉಡಾಫೆಯಿತ್ತು; ಒಳಗೆಲ್ಲೋ ಆಸೆಯೂ ಇತ್ತು.

ಅಜ್ಜನವರು ಎಲ್ಲವನ್ನೂ ಕೇಳಿಸಿಕೊಂಡರು. ವಿಭೂತಿ ಕೊಡಲಿಲ್ಲ. ಗೋಡೆ ಮುಗಿಯುವವರೆಗೆ ಇಲ್ಲಿಯೇ ಇದ್ದು, ಕುಳಿತಲ್ಲಿಯೇ ಮಣ್ಣಿನ ಉಂಡೆ ಕಟ್ಟಿಕೊಡು ಎಂದರು. ಗೋಡೆ ದಿನಕ್ಕೆ ಒಂದೇ ಗೇಣು ಏರುತ್ತಿತ್ತು.

ನಾಲ್ಕನೆಯ ದಿನ ಅಜ್ಜನವರು ಸಾವಾದ ಮನೆಯೊಂದಕ್ಕೆ ಸಾಂತ್ವನ ಹೇಳಲು ಹೋದರು. ಲಗಮಣ್ಣ ಗೋಡೆಯನ್ನು ಮುಟ್ಟಿ ನೋಡಿದ. ಗಟ್ಟಿಯಾಗಿತ್ತು. ಬೇಗ ಮುಗಿದರೆ ಬೇಗ ಊರಿಗೆ ಹೋಗಬಹುದೆಂದು ಮೂರು ಗೇಣು ಒಟ್ಟಿಗೇ ಏರಿಸಿದ. ಸಂಜೆಯಾಗುವಷ್ಟರಲ್ಲಿ ಗೋಡೆ ಹೊಟ್ಟೆಬಿಟ್ಟು ಬುಡದಿಂದಲೇ ಕುಸಿಯಿತು.

ಹಿಂದಿರುಗಿದ ಅಜ್ಜನವರು ಬೈಯಲಿಲ್ಲ. ಕುಸಿದ ಮಣ್ಣಿಗೆ ನೀರು ಹಾಕಿ ತುಳಿಯತೊಡಗಿದರು.

"ಒಣಗಿತ್ತರೀ ಅಜ್ಜಾರ," ಎಂದ ಲಗಮಣ್ಣ, ತಲೆ ತಗ್ಗಿಸಿ.

"ಮ್ಯಾಲ ಒಣಗಿತ್ತಪಾ. ಒಳಗ ಹಸಿ ಇತ್ತು." ಅಜ್ಜನವರು ತುಳಿಯುವುದನ್ನು ನಿಲ್ಲಿಸಿ ಆತನ ಹಿಮ್ಮಡಿಯನ್ನೇ ದಿಟ್ಟಿಸಿದರು. "ನೋವು ಹೋದ ದಿನ ಬ್ಯಾರೆ, ಗಾಯ ಮಾಗಿದ ದಿನ ಬ್ಯಾರೆ. ಡಾಕ್ಟರು ಬರದದ್ದನ್ನ ಮಾಡು. ಅದ ನಿನಗ ಪ್ರಸಾದ."

ನಲವತ್ತೆರಡು ಕಿಲೋಮೀಟರ್ ನೋವು ಸಹಿಸಬಲ್ಲ ತನಗೆ ಮೂರು ತಿಂಗಳು ಸುಮ್ಮನಿರಲು ಬಂದಿರಲಿಲ್ಲವಲ್ಲ ಎಂದು ಆತನಿಗೆ ಮೊದಲ ಬಾರಿ ನಾಚಿಕೆಯಾಯಿತು. ಮರುದಿನ ಬೆಳಿಗ್ಗೆ ಮಠದ ಮೆಟ್ಟಿಲಿನ ಮೇಲೆಯೇ ವ್ಯಾಯಾಮ ಆರಂಭಿಸಿದ. ಊರಿಗೆ ಹೋದ ಮೇಲೂ ಬಿಡಲಿಲ್ಲ. ಮೂರು ತಿಂಗಳು ತುಂಬಿದ ಮೇಲೂ ಹೇಳಿದ ಅಳತೆಗಿಂತ ಒಂದು ಹೆಜ್ಜೆಯೂ ಹೆಚ್ಚು ಓಡಲಿಲ್ಲ.

ಆ ಚಳಿಗಾಲದ ಓಟದಲ್ಲಿ, ಮೂವತ್ತಮೂರನೆಯ ಕಿಲೋಮೀಟರಿನಲ್ಲಿ, ಆತ ಮೂರನೆಯವನಾಗಿದ್ದ. ಹಿಮ್ಮಡಿಯ ಮೇಲೆ ಸಣ್ಣಗೆ ಚುರ್ ಎಂದಿತು. ಲಗಮಣ್ಣ ರಸ್ತೆಯ ಬದಿಗೆ ಸರಿದು ಕುಳಿತುಬಿಟ್ಟ. ಸುದ್ದಿ ತಿಳಿದು ಫೋನಿನಲ್ಲಿ ಅಳತೊಡಗಿದ ದುಂಡವ್ವನಿಗೆ, "ಅಳಬ್ಯಾಡಬೇ ಅಕ್ಕಾ. ಹರಿದಿಲ್ಲ. ನಾನಾಗೇ ನಿಂತೀನಿ," ಎಂದ.

ಮುಂದಿನ ವರ್ಷ ಅದೇ ಓಟವನ್ನು ಪೂರೈಸಿ ಆತ ಕಲ್ಲಮಡ್ಡಿಗೆ ಬಂದ. ಪದಕವನ್ನು ಜೇಬಿನಿಂದ ತೆಗೆಯುವ ಮೊದಲೇ ಅಜ್ಜನವರು ಬಗ್ಗಿ, ಆತನ ಹಿಮ್ಮಡಿಯನ್ನು ಬೆರಳಿನಿಂದ ಒತ್ತಿ ನೋಡಿದರು. ಗುರುಗಳ ಕೈ ತನ್ನ ಕಾಲನ್ನು ಮುಟ್ಟಿದ್ದನ್ನು ತಾಳಲಾರದೆ ಲಗಮಣ್ಣ ಅಲ್ಲಿಯೇ ಮಂಡಿಯೂರಿ, ಅವರ ಪಾದಗಳ ಮೇಲೆ ಹಣೆಯಿಟ್ಟ.