ಚೌಡನ ಗೂಳಿ ಗೋಡೆ ಹತ್ತಿದ್ದು

ಕೇಳ್ರಪ್ಪಾ, ನಗು ಬಂದರೆ ತಡ್ಕೋಬೇಡಿ. ದ್ಯಾವಮ್ಮನಿಗೆ ಒಬ್ಬನೇ ಮಗ, ಚೌಡ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಬಾಗಿಲು ನೋಡ್ಕೋ ಅಂದರೆ ಬಾಗಿಲನ್ನೇ ನೋಡ್ತಾ ನಿಲ್ಲೋ ಪೈಕಿ. ಪಕ್ಕದ ಮನೆ ವಾರಗಿತ್ತಿ ಗೌರಮ್ಮನ ಮಗ ತಿಮ್ಮರಾಯನೋ, ಬಣ್ಣದ ಚಿತ್ರ ಬರೀತಿದ್ದ. ಅವನ ಆನೆ ಚಿತ್ರವನ್ನ ಅಶ್ವತ್ಥಯ್ಯನ ಹೋಟೆಲಿನ ಗೋಡೆಗೆ ಹಾಕಿದ್ದರು. ಅವತ್ತಿಂದ ದ್ಯಾವಮ್ಮನಿಗೆ ಆ ಹೋಟೆಲಿನ ಇಡ್ಲಿ ಗಂಟಲಲ್ಲಿ ಇಳೀತಿರಲಿಲ್ಲ.

ಒಂದಿನ ಅವಳ ತಮ್ಮ ಚೌಡನಿಗೆ ಒಂದು ಗೀಚೋ ಪೆಟ್ಟಿಗೆ ತಂದುಕೊಟ್ಟ. ಮೇಲೆ ಗಾಜು, ಒಳಗೆ ಗಾಜಿಗೆ ಅಂಟೋ ಬೂದಿಬಣ್ಣದ ಪುಡಿ, ಕೆಳಗೆ ಎರಡು ತಿರುಪು. ಒಂದು ತಿರುಗಿಸಿದರೆ ಅಡ್ಡಗೆರೆ, ಇನ್ನೊಂದು ತಿರುಗಿಸಿದರೆ ಉದ್ದಗೆರೆ. ಅಲ್ಲಾಡಿಸಿದರೆ ಎಲ್ಲಾ ಮಾಯ! ಚೌಡ ಕಿರ್ ಕಿರ್ ಅಂತ ತಿರುವಿದ. ತಿರುವಿದ, ತಿರುವಿದ, ಗಾಜಿನ ಮೇಲೆ ಗೂಳಿ ಎದ್ದು ನಿಂತಿತು! ಕೊಂಬು, ಬೆನ್ನ ಮೇಲಿನ ಹಿಣಿಲು, ಬಾಲ, ಎಲ್ಲಾ ಒಂದೇ ಗೆರೇಲಿ.

ದ್ಯಾವಮ್ಮನ ಕಣ್ಣು ಅರಳಿತು. "ಓಡು ಮಗಾ! ಹೋಟೆಲಿಗೆ ತೋರಿಸು! ಗೌರಿ ಹೊಟ್ಟೆ ಉರೀಲಿ!"

ಚೌಡ ಓಡಿದ. ಕುಣಿದು ಕುಪ್ಪಳಿಸಿ ಓಡಿದ. ಹೋಟೆಲು ಮುಟ್ಟೋ ಹೊತ್ತಿಗೆ ಗಾಜು ಖಾಲಿ! ತಿಮ್ಮರಾಯ ಬಿದ್ದು ಬಿದ್ದು ನಕ್ಕ.

"ಅಯ್ಯೋ ನನ್ನ ಕರ್ಮವೇ! ಚಿತ್ರ ಬರೆದ ಮೇಲೆ ಅಲ್ಲಾಡದೆ ಕೂತ್ಕೋಬೇಕು ಕಣ್ಲಾ!" ಅಂದಳು ಮನೇಲಿ ದ್ಯಾವಮ್ಮ.

"ಆಗಲವ್ವ."

ಮಾರನೆ ದಿನ ಚೌಡ ಮತ್ತೆ ಗೂಳಿ ಬರೆದ, ಅಲ್ಲಾಡದೆ ಕೂತ. ಗೌರಮ್ಮನ ಹಸು ಅಂಗಳಕ್ಕೆ ಬಂತು. ಒಣಗಿಹಾಕಿದ್ದ ಸಂಡಿಗೆ ಎಲ್ಲಾ ಮೇಯಿತು. ಚೌಡ ಅಲ್ಲಾಡಲಿಲ್ಲ! ದ್ಯಾವಮ್ಮ ಬಂದವಳೇ ಮಗನ ಹೆಗಲು ಹಿಡಿದು ಗದಗದ ಅಲ್ಲಾಡಿಸಿದಳು. ಸಂಡಿಗೆನೂ ಹೋಯ್ತು, ಗೂಳಿನೂ ಹೋಯ್ತು.

"ಹತ್ತಿರ ಬಂದರೆ ಕೋಲೆತ್ತಿ ಓಡಿಸ್ಬೇಕು ಕಣ್ಲಾ!"

"ಆಗಲವ್ವ."

ಮೂರನೇ ಗೂಳಿ ನೋಡೋಕೆ ಅಶ್ವತ್ಥಯ್ಯನೇ ಬಂದ. "ಎಲ್ಲಪ್ಪಾ, ತೋರಿಸು" ಅಂತ ಹತ್ತಿರ ಬಗ್ಗಿದ. ಚೌಡ ಪೆಟ್ಟಿಗೆ ಎಸೆದು ಕೋಲೆತ್ತಿದ! ಅಶ್ವತ್ಥಯ್ಯ ಪಂಚೆ ಎತ್ತಿಕೊಂಡು ಬಸ್‌ಸ್ಟ್ಯಾಂಡಿನ ತನಕ ಓಡಿದ. ಗೌರಮ್ಮ ಗೋಡೆ ಮೇಲಿಂದ ಇಣುಕಿ ಸೆರಗು ಬಾಯಿಗೆ ತುರುಕಿಕೊಂಡಳು. ಆ ನಗು ದ್ಯಾವಮ್ಮನ ಎದೆಗೆ ಇರಿದ ಹಾಗಾಯ್ತು. ಹೋಗಿ ಅಶ್ವತ್ಥಯ್ಯನ ಕಾಲಿಗೆ ಬಿದ್ದು ಬಂದು ಮಗನಿಗೆ ಬೈದಳು:

"ಮನೆಗೆ ಬಂದೋರು ಹೇಳಿದ್ದನ್ನ ಹೇಳಿದ ಹಾಗೇ ಮಾಡ್ಬೇಕು ಕಣ್ಲಾ!"

"ಆಗಲವ್ವ."

ಆಮೇಲೆ ಮನೆಗೆ ಬಂದೋನು ಸೋದರಮಾವ. ನಾಲ್ಕನೇ ಗೂಳಿ ನೋಡಿ ಬೆರಗಾದ. "ಗಾಜು ಮೇಲಿರಲಿ ಅಳಿಯ. ಅಲ್ಲಾಡಿಸದೆ ತಳದಲ್ಲಿ ತೂತು ಕೊರಿ, ಗಾಜಿಗೆ ಅಂಟದ ಪುಡಿ ಎಲ್ಲಾ ಸುರಿದುಹೋಗಲಿ. ಆಮೇಲೆ ಕುಣಿದಾಡಿದರೂ ಗೆರೆ ಅಳಿಸಲ್ಲ" ಅಂದ. ಚೌಡ ಹೇಳಿದ ಹಾಗೇ ಮಾಡಿದ. ತೂತು ಕೊರೆದ, ಪುಡಿಯನ್ನ ಡಬ್ಬಿಗೆ ಇಳಿಸಿದ. ಗೂಳಿ ಉಳೀತು! ಹೋಟೆಲಿನ ಗೋಡೆ ಹತ್ತಿ ತಿಮ್ಮರಾಯನ ಆನೆ ಪಕ್ಕದಲ್ಲೇ ನಿಂತಿತು!

ಅವತ್ತು ದ್ಯಾವಮ್ಮ ಎರಡು ಪ್ಲೇಟ್ ಇಡ್ಲಿ ತಿಂದಳು. ಗೌರಮ್ಮ ಬಂದಳು, ನೋಡಿದಳು. ಮುಖ ಹುಳ್ಳಗಾಯ್ತು.

"ಚೆನ್ನಾಗೇ ಅದೆ ಅಕ್ಕ. ಆದರೆ ಬರೆದೋರು ಯಾರು ಅಂತ ಯಾರಿಗೆ ಗೊತ್ತಾಗ್ತದೆ? ನಮ್ಮ ತಿಮ್ಮರಾಯನ ಆನೆ ಕೆಳಗೆ ಹೆಸರದೆ, ನೋಡು."

ದ್ಯಾವಮ್ಮನ ಕೈಲಿದ್ದ ಇಡ್ಲಿ ಅಲ್ಲೇ ನಿಂತಿತು. ಮನೆಗೆ ಓಡಿಬಂದಳು. "ಹೋಗ್ಲಾ ಚೌಡ! ಗೂಳಿಗೆ ನಿನ್ನ ಹೆಸರು ಹಾಕು! ಅವನ ಹೆಸರಿಗಿಂತ ದೊಡ್ಡದಾಗಿ ಹಾಕು! ಹಾಕದೆ ಮನೆಗೆ ಬರಬೇಡ!"

"ಆಗಲವ್ವ."

ಚೌಡ ಹೋಗಿ ನೋಡಿದ, ಗಾಜು ತುಂಬಾ ಗೂಳಿ. ಹೆಸರಿಗೆ ಜಾಗವೇ ಇಲ್ಲ. ಜಾಗ ಮಾಡೋಕೆ ಅಲ್ಲಾಡಿಸಿದ. ಊಹೂಂ! ಆಗ ಹೊಳೀತು ನೋಡಿ. ಪುಡಿಯೇ ಇಲ್ಲವಲ್ಲ! ಓಡಿಬಂದು ಡಬ್ಬಿ ಒಯ್ದ. ತೂತಿನಿಂದ ಪುಡಿ ಎಲ್ಲಾ ವಾಪಸ್ ತುಂಬಿದ, ತೂತಿಗೆ ಮೇಣ ಮೆತ್ತಿದ, ಚೆನ್ನಾಗಿ ಅಲ್ಲಾಡಿಸಿದ. ಗಾಜು ತುಂಬಾ ಜಾಗವೋ ಜಾಗ! ಈ ಅಂಚಿಂದ ಆ ಅಂಚಿನ ತನಕ ಹೆಸರು ಬರೆದು ಗೋಡೆಗೆ ತೂಗುಹಾಕಿದ.

ಅವ್ವನ ಕೈ ಹಿಡಿದು ಕರ್ಕೊಂಡು ಬಂದ. "ನೋಡವ್ವ! ಅವನದಕ್ಕಿಂತ ದೊಡ್ಡದು!"

"ಗೂಳಿ ಎಲ್ಲೋ?" ದ್ಯಾವಮ್ಮ ಹಣೆ ಹಣೆ ಬಡ್ಕೊಂಡಳು.

ಗೌರಮ್ಮ ನಕ್ಕಳು. ಇಡೀ ಹೋಟೆಲು ನಕ್ಕಿತು. ದ್ಯಾವಮ್ಮ ಬಡ್ಕೊಳ್ಳೋದು ನಿಲ್ಲಿಸಿ, ವಾರೆಗಣ್ಣಲ್ಲಿ ಆನೆ ಕೆಳಗಿನ ಹೆಸರು ನೋಡಿದಳು. ಮಗನ ಹೆಸರು ನೋಡಿದಳು. ಮತ್ತೆ ಆ ಹೆಸರು ನೋಡಿದಳು.

"ದೊಡ್ಡದೇನೋ ಹೌದು ಕಣ್ಲಾ" ಅಂದಳು.