ಬ್ಯಾಂಕಿನ ಕಂಬವೂ ಗೋಡೆಯೂ

ಪೇಟೆಯ ಮೊದಲ ಬ್ಯಾಂಕಿಗೆ ಆಳೆತ್ತರದ ಕಬ್ಬಿಣದ ತಿಜೋರಿ ಬಂತು. ಗಾಡಿಯಿಂದ ಇಳಿಸಿ ನೋಡಿದರೆ ಒಳಗೆ ಹೋಗಲು ದಾರಿಯಿಲ್ಲ. ಒಂದೋ ಮುಂಬಾಗಿಲಿಗೆ ಅಡ್ಡ ನಿಂತ ಗಾರೆಯ ಕಂಬವನ್ನು ತೆಗೆಯಬೇಕು, ಇಲ್ಲವೇ ಪಕ್ಕದ ಕೆಂಪುಕಲ್ಲಿನ ಗೋಡೆಯನ್ನು ಒಡೆಯಬೇಕು.

"ಕಂಬ ಬ್ಯಾಂಕಿನ ಮುಖ. ಗೋಡೆ ಒಡಿ ಮೇಸ್ತ್ರಿ," ಎಂದರು ಬ್ಯಾಂಕು ನಡೆಸುವ ಏಜೆಂಟ್ ಶೇಷಗಿರಿರಾಯರು.

ಗೋಡೆ ಕಂಬವನ್ನು ಕರೆಯಿತು. "ಕಂಬಣ್ಣ, ಸೂರು ಹೊತ್ತವಳು ನಾನೆಂದು ನಿನಗೆ ಗೊತ್ತು. ನಾನು ಬಿದ್ದರೆ ಒಳಗಿರುವ ಏಳು ಜನ ಗುಮಾಸ್ತರ ತಲೆಯ ಮೇಲೆ ಸೂರು ಬೀಳುತ್ತದೆ. ನಿಜ ಹೇಳಿಬಿಡು."

"ಸುಣ್ಣ ಕಾಣದ ನಿನಗೆಷ್ಟು ಜಂಬವೇ! ಸೂರು ಹೊತ್ತವನು ನಾನು. ಬೇಕಾದರೆ ಊರನ್ನೇ ಕೇಳು," ಎಂದಿತು ಕಂಬ.

ಮೇಸ್ತ್ರಿ ಮಾಚ ಗೋಡೆಗೆ ಸುತ್ತಿಗೆ ಬೀಸಿದ. ಮೊದಲ ಏಟಿಗೇ ಮೇಲಿಂದ ಎರಡು ಹಂಚು ಜಾರಿ ಬಿದ್ದವು. ಅವನು ಕೈ ತಡೆದ. ಏಣಿ ಹತ್ತಿ, ಕಂಬದ ತಲೆಗೂ ತೊಲೆಗೂ ನಡುವೆ ತೂಗುಗುಂಡಿನ ದಾರ ತೂರಿಸಿ ಎಳೆದ. ದಾರ ಎಲ್ಲಿಯೂ ಸಿಕ್ಕದೆ ಆಚೆ ಬಂತು.

"ರಾಯರೇ, ಈ ಕಂಬ ತೊಲೆಯನ್ನು ಮುಟ್ಟಿಯೇ ಇಲ್ಲ. ಸುಮ್ಮನೆ ನಿಂತಿದೆ."

ರಾಯರು ತಲೆ ತಗ್ಗಿಸಿ, "ಹಾಗಾದರೆ ಕಂಬವನ್ನೇ ತೆಗಿ," ಎಂದರು.

ಕಂಬ ಈಗ ಗೋಡೆಗೆ ಮೊರೆಯಿಟ್ಟಿತು. "ಗೋಡೆಯಮ್ಮ, ನಾನೂ ಸ್ವಲ್ಪ ಭಾರ ಹೊತ್ತಿದ್ದೇನೆಂದು ಒಂದು ಮಾತು ಹೇಳು ತಾಯಿ!"

"ಸೂರಿನ ಭಾರವೇ ನನಗೆ ಸಾಕಾಗಿದೆ," ಎಂದಿತು ಗೋಡೆ. "ಅದರ ಮೇಲೆ ನಿನ್ನ ಸುಳ್ಳನ್ನೂ ಹೊರಲಾರೆ."

ಮಧ್ಯಾಹ್ನದೊಳಗೆ ತಿಜೋರಿ ಒಳಗೆ ಸೇರಿತು. ಮರುದಿನ ಬ್ಯಾಂಕು ಎಂದಿನ ಹೊತ್ತಿಗೇ ಬಾಗಿಲು ತೆರೆಯಿತು.